ಅತ್ತೆಯ ಮೊಣಕಾಲು, ಮೂರು ದಿನದ ಮುಂಬೈ

ಪ್ರಶ್ನೆ: ನಾನು ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಯಜಮಾನರು ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿದ್ದಾರೆ. ದೀಪಾವಳಿ ರಜೆಯಲ್ಲಿ ಮೂರು ದಿನ ಮುಂಬೈ ನೋಡಿ ಬರುವ ಆಸೆ. ನಾವಿಬ್ಬರು, 14 ವರ್ಷದ ಮಗಳು, 9 ವರ್ಷದ ಮಗ, 68 ವರ್ಷದ ಅತ್ತೆ. ಅತ್ತೆಗೆ ಮೊಣಕಾಲು ನೋವಿದೆ. ಆರು ವರ್ಷದ ಹಿಂದೆ ಊರವರ ಜೊತೆ ಕ್ರೂಸರ್ ಗಾಡಿ ಮಾಡಿಕೊಂಡು ಹೋಗಿದ್ದೆವು. ಒಂದೇ ದಿನದಲ್ಲಿ ಹದಿನಾಲ್ಕು ಜಾಗ ತೋರಿಸಿದರು. ಈಗ ನೆನಪಿರುವುದು ಟ್ರಾಫಿಕ್ ಒಂದೇ. ಈ ಸಲ ಮಗಳು ಮ್ಯೂಸಿಯಂ ನೋಡಲೇಬೇಕು ಎಂದು ಹಟ ಹಿಡಿದಿದ್ದಾಳೆ. ಯಜಮಾನರು 'ಮುರುಕು ಕಲ್ಲು ನೋಡಲಿಕ್ಕೆ ಅಷ್ಟು ದೂರ ಯಾಕ' ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ನಡೆಯುವುದಿಲ್ಲ. ಹೊರಗೆ ತಿಂದರೆ ಹೊಟ್ಟೆ ಕೆಡುತ್ತದೆ, ಮೂರು ದಿನದ ರೊಟ್ಟಿ ಕಟ್ಟಿಕೊಂಡು ಹೋಗಿ ಎನ್ನುವುದು ಪಕ್ಕದ ಮನೆಯವರ ಸಲಹೆ. ಮೈದುನ ಡೊಂಬಿವಲಿಯಲ್ಲಿದ್ದಾನೆ, ಅಲ್ಲಿ ಇಳಿದುಕೊಂಡರೆ ಖರ್ಚಿಲ್ಲ. ಅತ್ತೆಯನ್ನು ಬಿಟ್ಟು ಹೋಗುವುದೇ ಸರಿಯಾ? ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಅತ್ತೆಯನ್ನು ಬಿಟ್ಟು ಹೋಗಬೇಡಿ ಅಕ್ಕೋರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದು ಹೇಗೆ ಹೋಗುವುದು ಅನ್ನುವ ಮಾತು.

ಸೊಲ್ಲಾಪುರದಿಂದ ಮುಂಬೈಗೆ ಜನರನ್ನು ಕರೆದುಕೊಂಡು ಹೋಗುವುದು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಕೆಲಸ. ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡದ ಮನೆಗಳೇ ಜಾಸ್ತಿ. ಭಾಷೆಯ ಭಯ ನಮ್ಮವರಿಗೆ ಇಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ಮೂರೂ ಬರುತ್ತವೆ. ಬೆಂಗಳೂರಿನಿಂದ ಬಂದವರಿಗಿಂತ ನಾವು ಮುಂಬೈನಲ್ಲಿ ಆರಾಮ. ಹಾಗಿದ್ದೂ ಹೋಗಿಬಂದ ಮೇಲೆ ಹತ್ತರಲ್ಲಿ ಏಳು ಮನೆಯವರು ನಿಮ್ಮ ಮಾತನ್ನೇ ಹೇಳುತ್ತಾರೆ: ಟ್ರಾಫಿಕ್ ನೋಡಿದೆವು, ಮುಂಬೈ ನೋಡಲಿಲ್ಲ.

ಯಾಕೆ ಹೀಗಾಗುತ್ತದೆ? ಸೊಲ್ಲಾಪುರ ದುಂಡಗಿನ ಊರು. ಸಿದ್ಧೇಶ್ವರ ಗುಡಿಯ ಹತ್ತಿರ ನಿಂತರೆ ಎತ್ತ ಹೋದರೂ ಅರ್ಧ ತಾಸು. ಮುಂಬೈ ಹಾಗಲ್ಲ. ಅದು ಸಮುದ್ರದೊಳಗೆ ಚಾಚಿದ ಉದ್ದನೆಯ ಊರು. ದಕ್ಷಿಣದ ಚರ್ಚ್‌ಗೇಟ್‌ನಿಂದ ಉತ್ತರದ ಬೋರಿವಲಿಗೆ ರೈಲಿನಲ್ಲೇ 34 ಕಿ.ಮೀ. ನಿಮ್ಮ ಯಜಮಾನರಿಗೆ ಮಗ್ಗದ ಭಾಷೆಯಲ್ಲಿ ಹೇಳಿ, ತಕ್ಷಣ ತಿಳಿಯುತ್ತದೆ. ಮುಂಬೈಗೆ ಹಾಸು ಗಟ್ಟಿ, ಹೊಕ್ಕು ಕಡಿಮೆ. ಲೋಕಲ್ ರೈಲುಗಳೆಲ್ಲ ಉತ್ತರ ದಕ್ಷಿಣವಾಗಿ ಹಾಸಿನ ನೂಲಿನಂತೆ ಓಡುತ್ತವೆ. ಅಡ್ಡ ಹೋಗುವ ದಾರಿ ಬೆರಳೆಣಿಕೆಯಷ್ಟು. ನಿಮ್ಮ ಕ್ರೂಸರ್‌ನವನು ಬೆಳಿಗ್ಗೆ ಗೇಟ್‌ವೇ, ಮಧ್ಯಾಹ್ನ ಜುಹು, ಸಂಜೆ ಮತ್ತೆ ಮರೀನ್ ಡ್ರೈವ್ ಎಂದು ಹಾಸಿನ ಉದ್ದಕ್ಕೂ ಮೇಲೆ ಕೆಳಗೆ ಎಳೆದಾಡಿದ್ದಾನೆ. ಹದಿನಾಲ್ಕು ಜಾಗ ಅಂದರೆ ಹದಿಮೂರು ಸಲ ಗಾಡಿ ಹತ್ತಿ ಇಳಿದದ್ದು. ದಿನದ ಮುಕ್ಕಾಲು ಪಾಲು ಗಾಡಿಯಲ್ಲೇ ಕಳೆದಿರುತ್ತದೆ. ಅವನ ತಪ್ಪಿಲ್ಲ ಬಿಡಿ. ಕರಪತ್ರದಲ್ಲಿ ಜಾಗದ ಹೆಸರು ಜಾಸ್ತಿ ಇದ್ದರೆ ಜನ ಜಾಸ್ತಿ ಬರುತ್ತಾರೆ. ನಾನೂ ಮೊದಲ ಕೆಲವು ವರ್ಷ ಅದನ್ನೇ ಮಾಡಿದವನು.

ಈಗ ಮೈದುನನ ಮನೆ. ಬೇಸರ ಮಾಡಿಕೊಳ್ಳಬೇಡಿ, ಇಲ್ಲೇ ನಿಮ್ಮ ಲೆಕ್ಕ ತಪ್ಪುವುದು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ, ಅಂದರೆ ಹಳೆಯ ವಿಟಿ ಸ್ಟೇಷನ್‌ಗೆ, 48 ಕಿ.ಮೀ. ಫಾಸ್ಟ್ ಲೋಕಲ್ ಸಿಕ್ಕರೂ ಹೆಚ್ಚುಕಡಿಮೆ ಒಂದು ತಾಸು ಬೇಕು. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಊರೇ ದಕ್ಷಿಣಕ್ಕೆ ಹೋಗುತ್ತದೆ. ಸಂಜೆ ಐದರಿಂದ ಒಂಬತ್ತರವರೆಗೆ ಊರೇ ಉತ್ತರಕ್ಕೆ ವಾಪಸ್ ಬರುತ್ತದೆ. ಡೊಂಬಿವಲಿಯ ಪ್ಲಾಟ್‌ಫಾರ್ಮ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಅತ್ತೆಯನ್ನು ಲೋಕಲ್ ಹತ್ತಿಸುವ ವಿಚಾರವನ್ನೂ ಮಾಡಬೇಡಿ. ನೂಕುನುಗ್ಗಲು ತಪ್ಪಿಸಿಕೊಂಡು ಹೊರಟರೆ ಹನ್ನೆರಡೂವರೆಗೆ ಊರೊಳಗೆ, ನಾಲ್ಕಕ್ಕೆ ವಾಪಸ್. ದಿನಕ್ಕೆ ಮೂರೂವರೆ ತಾಸು ಉಳಿಯಿತು. ಪುಕ್ಕಟೆ ಮನೆಗೆ ಅರ್ಧ ದಿನ ಬಾಡಿಗೆ ಕೊಟ್ಟಂತೆ ಆಯಿತು, ಅಲ್ವಾ?

ಹಾಗಂತ ಮೈದುನನ ಮನೆಗೆ ಹೋಗದೇ ಬಂದರೆ ಆಮೇಲೆ ಮಾತು ಕೇಳುವವರು ನೀವೇ. ನಾನು ಹೇಳುವ ದಾರಿ ಇದು. ಸೊಲ್ಲಾಪುರದಿಂದ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ. ಬೆಳಗಾಗುವ ಹೊತ್ತಿಗೆ ಸಿಎಸ್‌ಎಂಟಿ. ಮೊದಲ ಎರಡು ರಾತ್ರಿ ಫೋರ್ಟ್ ಅಥವಾ ಸಿಎಸ್‌ಎಂಟಿ ಸುತ್ತಮುತ್ತ ಲಾಡ್ಜ್ ಮಾಡಿ. ಮೂರನೇ ದಿನ ಮಧ್ಯಾಹ್ನ ಮೂರರೊಳಗೆ ದಾದರ್‌ನಿಂದ ಡೊಂಬಿವಲಿಗೆ ಹೋಗಿ. ಮೈದುನನ ಮನೆಯಲ್ಲಿ ಊಟ, ಮಾತುಕತೆ. ರಾತ್ರಿ ಅದೇ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಕಲ್ಯಾಣ್‌ನಲ್ಲಿ ನಿಲ್ಲುತ್ತದೆ, ಡೊಂಬಿವಲಿಗೆ ಹತ್ತಿರದ ಸ್ಟೇಷನ್. ಅಲ್ಲೇ ಹತ್ತಿಕೊಳ್ಳಿ. ಹಗಲಿನ ವಂದೇ ಭಾರತ್ 2023ರ ಫೆಬ್ರವರಿಯಿಂದ ಓಡುತ್ತಿದೆ, ಆರೂವರೆ ತಾಸಿನಲ್ಲಿ ಮುಟ್ಟಿಸುತ್ತದೆ. ಆದರೆ ಮೂರೇ ದಿನ ಇದ್ದಾಗ ಹಗಲನ್ನು ರೈಲಿಗೆ ಕೊಡಬಾರದು.

ಲಾಡ್ಜ್‌ಗೂ ಅದರದೇ ತೊಂದರೆಗಳಿವೆ. ದಕ್ಷಿಣ ಮುಂಬೈನ ರೂಮುಗಳು ಬೆಂಕಿಪೊಟ್ಟಣ. ಮೊಬೈಲ್‌ನ ಫೋಟೊದಲ್ಲಿ ಹಾಲ್‌ನಂತೆ ಕಾಣುವುದು ಹೋಗಿ ನೋಡಿದರೆ ಮಂಚಕ್ಕೂ ಗೋಡೆಗೂ ನಡುವೆ ಚೀಲ ಇಡಲು ಜಾಗ ಇರುವುದಿಲ್ಲ. ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ಲಿಫ್ಟ್ ನಡೆಯುತ್ತಿದೆಯಾ? ಸಂಡಾಸು ಕಮೋಡ್ ಇದೆಯಾ? ಬೆಳಿಗ್ಗೆ ಏಳಕ್ಕೆ ಬಂದರೆ ರೂಮ್ ಕೊಡುತ್ತೀರಾ, ಅದಕ್ಕೆ ಬೇರೆ ದುಡ್ಡಾ? ಮೊಣಕಾಲು ನೋವಿರುವವರಿಗೆ ಮೊದಲ ಎರಡು ಪ್ರಶ್ನೆಯೇ ಮುಂಬೈ. ಸ್ಟೇಷನ್ ಹೊರಗೆ 'ರೂಮ್ ಬೇಕಾ' ಎಂದು ಹಿಂದೆ ಬೀಳುವವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ. ಎಲ್ಲರ ಆಧಾರ್ ಕಾರ್ಡ್ ಇಟ್ಟುಕೊಳ್ಳಿ.

ಇನ್ನು ಯಜಮಾನರ 'ಮುರುಕು ಕಲ್ಲು'. ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ಅವರೊಬ್ಬರೇ ಹೀಗೆ ಅನ್ನುವುದಿಲ್ಲ.

ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ, ಹಳಬರ ಬಾಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು ಹಾಕಿದರು. ಕಟ್ಟಡ ಮುಗಿಯುವ ಹೊತ್ತಿಗೆ ಮೊದಲ ಮಹಾಯುದ್ಧ ಬಂತು, ಸೈನಿಕರ ಆಸ್ಪತ್ರೆ ಮಾಡಿದರು. ಜನರಿಗೆ ಬಾಗಿಲು ತೆರೆದದ್ದು 1922ರಲ್ಲಿ. ಒಳಗೆ ಹೋಗುವ ಮೊದಲು ತೋಟದಲ್ಲಿ ನಿಂತು ಮೇಲೆ ನೋಡಿ ಎಂದು ಯಜಮಾನರಿಗೆ ಹೇಳಿ. ಆ ದೊಡ್ಡ ಗುಮ್ಮಟ ಎಲ್ಲೋ ನೋಡಿದಂತೆ ಅನ್ನಿಸುತ್ತದೆ. ಅನ್ನಿಸಲೇಬೇಕು. ಕಟ್ಟಡದ ನಕ್ಷೆ ಮಾಡಿದ ಜಾರ್ಜ್ ವಿಟೆಟ್ ಎನ್ನುವ ಇಂಗ್ಲಿಷ್ ಮನುಷ್ಯ ಆ ಗುಮ್ಮಟಕ್ಕೆ ಮಾದರಿ ತೆಗೆದುಕೊಂಡದ್ದು ವಿಜಯಪುರದ ಗೋಲಗುಮ್ಮಟವನ್ನು. ಸೊಲ್ಲಾಪುರದಿಂದ ನೂರು ಕಿ.ಮೀ. ದೂರದ ನಮ್ಮ ಗುಮ್ಮಟ ಅಲ್ಲಿ ಕುರ್ಲಾದ ಕರಿಗಲ್ಲು, ಮಲಾಡ್‌ನ ಹಳದಿ ಕಲ್ಲಿನ ಕಟ್ಟಡದ ಮೇಲೆ ಕೂತಿದೆ. ನಮ್ಮ ಕಡೆಯವರಿಗೆ ಇದನ್ನು ಹೇಳಿದಾಗ ಮುಖ ಬದಲಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಒಳಗೆ ನೆಲ ಅಂತಸ್ತಿನಲ್ಲೇ ಶಿಲ್ಪಗಳ ಕೋಣೆ. ಅತ್ತೆ ಮೆಟ್ಟಿಲು ಹತ್ತಬೇಕಿಲ್ಲ. ಅಲ್ಲಿ ಐಹೊಳೆಯ ಗುಡಿಯಿಂದ ಬಂದ ದೊಡ್ಡ ಕಲ್ಲುಹಲಗೆಗಳಿವೆ, ಏಳನೇ ಶತಮಾನದವು. ಒಂದರಲ್ಲಿ ಬ್ರಹ್ಮ, ಸುತ್ತ ಋಷಿಗಳು. ಒಮ್ಮೆ ಜತ್ ಕಡೆಯ ಒಬ್ಬ ಅಜ್ಜಿ ಅದರ ಮುಂದೆ ನಿಂತು, ತಲೆ ಓರೆ ಮಾಡಿ ನೋಡಿ, 'ಇದು ಗ್ವಾಡಿ ಕಲ್ಲಲ್ಲರೀ, ಮಾಳಗಿ ಕಲ್ಲು' ಅಂದರು. ಸರಿಯಾಗಿ ಹೇಳಿದರು! ಅವು ಗುಡಿಯ ಒಳಮಾಡಿಗೆ ಹಾಕಿದ್ದ ಕಲ್ಲುಗಳೇ. ಭಕ್ತರು ಕತ್ತೆತ್ತಿ, ಅರೆಗತ್ತಲಲ್ಲಿ ನೋಡುತ್ತಿದ್ದುದನ್ನು ಈಗ ನಾವು ಗೋಡೆಯ ಮೇಲೆ ಎದುರಾಎದುರು ನೋಡುತ್ತೇವೆ. ಓದಿದ ಹುಡುಗರು ಬೋರ್ಡ್ ಓದಿ ಮುಂದೆ ಹೋಗಿದ್ದರು. ಅಜ್ಜಿ ಕಲ್ಲು ಓದಿದರು. ಮ್ಯೂಸಿಯಂ ಓದಿದವರಿಗೆ ಮಾತ್ರ ಅನ್ನುವವರಿಗೆ ನಾನು ಈ ಅಜ್ಜಿಯ ಕಥೆಯನ್ನೇ ಹೇಳುವುದು. ಹಳ್ಳಿಯಲ್ಲಿ ಬೆಳೆದವರಿಗೆ ಕಲ್ಲು, ಕಂಚು, ನೇಯ್ಗೆ, ಆಯುಧ ಇವೆಲ್ಲ ಕೈಯಾರೆ ಗೊತ್ತಿರುವ ವಸ್ತುಗಳು. ಯಜಮಾನರನ್ನು ಹಳೆಯ ಬಟ್ಟೆಗಳ ಮುಂದೆ ಒಬ್ಬರನ್ನೇ ಬಿಟ್ಟು ನೋಡಿ. ದಾರ ಎಣಿಸಲು ಶುರು ಮಾಡದಿದ್ದರೆ ಕೇಳಿ.

ಆದರೆ ಮ್ಯೂಸಿಯಂ ಬೇಜಾರು ಹಿಡಿಸುವುದೂ ನಿಜ. ಅದು ದಡ್ಡತನ ಅಲ್ಲ, ದೇಹದ ಕಥೆ. ಅಮೆರಿಕದ ಬೋಸ್ಟನ್ ಮ್ಯೂಸಿಯಂನ ಬೆಂಜಮಿನ್ ಗಿಲ್ಮನ್ ಎಂಬಾತ 1916ರಲ್ಲೇ ಇದನ್ನು ಬರೆದ. ಒಬ್ಬ ಮನುಷ್ಯ ಗಾಜಿನ ಪೆಟ್ಟಿಗೆಗಳನ್ನು ನೋಡುವಾಗ ಹೇಗೆ ಬಗ್ಗುತ್ತಾನೆ, ಕುಕ್ಕರುಗಾಲಿನಲ್ಲಿ ಕೂರುತ್ತಾನೆ, ಕತ್ತು ಚಾಚುತ್ತಾನೆ ಎಂದು ಫೋಟೊ ತೆಗೆಸಿ ತೋರಿಸಿದ. ಅದಕ್ಕೆ 'ಮ್ಯೂಸಿಯಂ ದಣಿವು' ಎಂದೇ ಹೆಸರಿಟ್ಟ. ನಡೆಯುವಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ಎರಡು ಹೆಜ್ಜೆ, ನಿಲ್ಲು, ಮತ್ತೆರಡು ಹೆಜ್ಜೆ, ನಿಲ್ಲು ಎಂದು ಹೋದರೆ ರಕ್ತ ಕಾಲಿನಲ್ಲೇ ನಿಂತು ಪಾದ ಭಾರವಾಗುತ್ತದೆ. ಅದಕ್ಕೇ ಹೊಲದಲ್ಲಿ ದಿನವಿಡೀ ದುಡಿಯುವವರೂ ಮ್ಯೂಸಿಯಂನಲ್ಲಿ ಒಂದು ತಾಸಿಗೆ ಸುಸ್ತು. ಅದರ ಮೇಲೆ ಪ್ರತಿ ಪೆಟ್ಟಿಗೆಯ ಮುಂದೂ 'ಇದನ್ನು ನೋಡಲೋ ಬಿಡಲೋ' ಎಂದು ತಲೆಯೂ ದುಡಿಯುತ್ತಿರುತ್ತದೆ.

ನನ್ನ ಲೆಕ್ಕದಲ್ಲಿ ಮೊದಲ ಸಲ ಹೋಗುವ ಮನೆಯವರಿಗೆ ಒಂದೂವರೆ ತಾಸು ಸಾಕು. ಬೆಳಿಗ್ಗೆ ಹತ್ತೂಕಾಲಿಗೆ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೇ ಹೋಗಿ, ಶಾಲೆಯ ಟ್ರಿಪ್‌ಗಳು ಬರುವ ಮೊದಲು. ಬಾಗಿಲಲ್ಲೇ ಗಾಲಿಕುರ್ಚಿ ಕೇಳಿ. ಅತ್ತೆ 'ನಾನೇನು ರೋಗಿಯಾ' ಎಂದು ಒಪ್ಪುವುದಿಲ್ಲ. ಮೊದಲು ಮೊಮ್ಮಗ ಕೂತು ಒಂದು ಸುತ್ತು ಹೊಡೆಯಲಿ, ಆಮೇಲೆ ಅವರೂ ಕೂರುತ್ತಾರೆ. ಇದು ಅನುಭವದ ಮಾತು. ಎಲ್ಲ ನೋಡುವ ಹಟ ಬೇಡ. ಒಬ್ಬೊಬ್ಬರು ಮೂರು ವಸ್ತು ಆರಿಸಿ, ಉಳಿದವರಿಗೆ ತೋರಿಸಲಿ. ಮಗನಿಗೆ ಪ್ರಾಣಿಗಳ ವಿಭಾಗ ಮತ್ತು ಅಕ್ಬರನ ಎದೆಕವಚ ಇರುವ ಆಯುಧಗಳ ಕೋಣೆ ಸಾಕು. ಮಗಳು ಇನ್ನೂ ನೋಡಬೇಕು ಅಂದರೆ ನೀವೊಬ್ಬರು ಅವಳ ಜೊತೆ ಇರಿ, ಉಳಿದವರು ತೋಟದ ನೆರಳಲ್ಲಿ ಕೂರಲಿ. ಐದೂ ಜನ ಎಲ್ಲ ಕಡೆ ಒಟ್ಟಿಗೆ ಹೋಗಬೇಕು ಅನ್ನುವುದೇ ಎಷ್ಟೋ ಪ್ರವಾಸಗಳ ಜಗಳದ ಬೇರು.

ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ. ಟಿಕೆಟ್ ಇಲ್ಲ. 1952ರಲ್ಲಿ ಅದು ಶುರುವಾಗಲು ಒತ್ತಾಯ ಮಾಡಿದವರಲ್ಲಿ ಒಬ್ಬರು ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು, ಇನ್ನೊಬ್ಬರು ವಿಜ್ಞಾನಿ ಹೋಮಿ ಭಾಭಾ. ಮಗಳಿಗೆ ಇದನ್ನು ಹೇಳಿ. ಹದಿನೈದು ನಿಮಿಷ ಸಾಕು.

ಅಲ್ಲಿಗೆ ಮಧ್ಯಾಹ್ನವಾಗುತ್ತದೆ. ಊಟ ಮಾಡಿ ರೂಮಿಗೆ ಹೋಗಿ ಮಲಗಿ. ಹೌದು, ಮಲಗಿ. 'ಮಲಗಲಿಕ್ಕೆ ಮುಂಬೈಗೆ ಬಂದೆವಾ' ಎಂದು ಯಜಮಾನರು ಕೇಳುತ್ತಾರೆ. ಸೊಲ್ಲಾಪುರದ 42 ಡಿಗ್ರಿ ತಡೆದವರಿಗೆ ಮುಂಬೈನ 34 ಏನು ಲೆಕ್ಕ ಅನ್ನುವುದು ನಮ್ಮವರ ದೊಡ್ಡ ತಪ್ಪು ತಿಳುವಳಿಕೆ. ನಮ್ಮ ಕಡೆ ಗಾಳಿ ಒಣ. ಬೆವರು ಬಂದ ಹಾಗೇ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಮುಂಬೈ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಬೆವರು ಆರುವುದಿಲ್ಲ, ಸುಮ್ನೆ ಹರಿಯುತ್ತದೆ. ನೀರೂ ಉಪ್ಪೂ ಹೋಯಿತು, ತಂಪು ಸಿಗಲಿಲ್ಲ. ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಇದು ಜೋರು. ರಜೆಯಲ್ಲಿ ಆಯ್ಕೆ ಇದ್ದರೆ ದೀಪಾವಳಿ ಮುಗಿದ ಮೇಲಿನ ದಿನಗಳನ್ನು ಹಿಡಿಯಿರಿ. ದಿನ ಕಳೆದಷ್ಟೂ ಹವೆ ಹಗುರ.

ಹೆಂಗಸರು ಬಾಯಿಬಿಟ್ಟು ಹೇಳದ ಒಂದು ಮಾತನ್ನು ನಾನೇ ಹೇಳುತ್ತೇನೆ. ಬಾತ್‌ರೂಮ್ ಸಿಗುವುದಿಲ್ಲ ಎಂಬ ಭಯಕ್ಕೆ ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ಮಧ್ಯಾಹ್ನಕ್ಕೆ ತಲೆನೋವು, ಸಂಜೆಗೆ ತಲೆ ಸುತ್ತು. 'ಬಿಸಿಲಿಗೆ ಹಾಗಾಯ್ತು' ಅನ್ನುತ್ತಾರೆ. ಮ್ಯೂಸಿಯಂ, ವಿಜ್ಞಾನ ಕೇಂದ್ರ, ಒಳ್ಳೆಯ ಹೋಟೆಲ್ ಇಲ್ಲೆಲ್ಲ ವ್ಯವಸ್ಥೆ ಇರುತ್ತದೆ. ಹೊರಡುವ ಮೊದಲು ಎಲ್ಲರೂ ಹೋಗಿ ಬನ್ನಿ, ನೀರು ಕುಡಿಯಿರಿ. ನಾನು ನನ್ನ ಗುಂಪಿನ ದಾರಿಯನ್ನು ಬಾತ್‌ರೂಮ್‌ನಿಂದ ಬಾತ್‌ರೂಮ್‌ಗೆ ಹಾಕುತ್ತೇನೆ, ಜಾಗದಿಂದ ಜಾಗಕ್ಕಲ್ಲ. ನಗಬೇಡಿ.

ಸಂಜೆ ಐದರ ಮೇಲೆ ಗೇಟ್‌ವೇ ಆಫ್ ಇಂಡಿಯಾ. ಅಲ್ಲಿ ಗೈಡ್‌ಗಳು ಹೇಳುವ ಒಂದು ಕಥೆ ಕೇಳಿಸಬಹುದು: 1911ರಲ್ಲಿ ಐದನೇ ಜಾರ್ಜ್ ದೊರೆ ಇದರ ಕೆಳಗೆ ನಡೆದು ಊರೊಳಗೆ ಬಂದ ಎಂದು. ಆಗ ಈ ಕಮಾನೇ ಇರಲಿಲ್ಲ! ದೊರೆ ನೋಡಿದ್ದು ರಟ್ಟಿನ ಮಾದರಿ. ಕಲ್ಲಿನ ಕಮಾನು ಮುಗಿದದ್ದು 1924ರಲ್ಲಿ, ಅದೇ ವಿಟೆಟ್‌ನ ನಕ್ಷೆ. 1948ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಇದರ ಕೆಳಗೇ ನಡೆದು ಹಡಗು ಹತ್ತಿತು. ಸ್ವಾಗತಕ್ಕೆ ಕಟ್ಟಿದ್ದು ಬೀಳ್ಕೊಡುಗೆಗೆ ಆಯಿತು. ಫೋಟೊ ತೆಗೆಯುವವರ ಜೊತೆ ಒಂದು ಫೋಟೊಗೆ ಎಷ್ಟು, ಎಷ್ಟು ಫೋಟೊ ಎಂದು ಮೊದಲೇ ಮಾತಾಡಿ. ಒಂದು ಅಂದು ಹನ್ನೆರಡು ತೆಗೆದು ಕೈಗಿಡುತ್ತಾರೆ. ಯಾರಾದರೂ ದಾರಿಯಲ್ಲಿ ತಡೆದು 'ಮ್ಯೂಸಿಯಂ ಇವತ್ತು ಬಂದ್, ನಮ್ಮ ಗಾಡಿಯಲ್ಲಿ ಬನ್ನಿ' ಅಂದರೆ ಹೂಂ ಎಂದು ಮುಂದೆ ನಡೆದು ಬಾಗಿಲನ್ನು ನೀವೇ ನೋಡಿ.

ನಿಜವಾಗಿ ಬಂದ್ ಇರುವ ದಿನಗಳೂ ಇವೆ. ಗುಹೆಗಳಿರುವ ಎಲಿಫೆಂಟಾ ದ್ವೀಪ ಸೋಮವಾರ ಬಂದ್. ಬೈಕಲ್ಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಮತ್ತು ಪಕ್ಕದ ರಾಣಿಬಾಗ್ ಪ್ರಾಣಿಸಂಗ್ರಹಾಲಯ ಬುಧವಾರ ಬಂದ್. ನಾನು ಈ ಕೆಲಸಕ್ಕೆ ಹೊಸಬನಿದ್ದಾಗ ನಲವತ್ತು ಜನರನ್ನು ಸೋಮವಾರ ಬೆಳಿಗ್ಗೆ ಎಲಿಫೆಂಟಾ ಬೋಟ್‌ಗೆ ಕರೆದುಕೊಂಡು ಹೋಗಿ ನಿಲ್ಲಿಸಿದವನು. ಒಬ್ಬ ಯಜಮಾನರು 'ಸಮುದ್ರ ತೋರಿಸಿದಿ, ಸಾಕು ಬಿಡಪ್ಪ' ಎಂದು ನನ್ನ ಮಾನ ಉಳಿಸಿದರು. ಹಬ್ಬದ ರಜೆಗಳಲ್ಲಿ ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಎರಡನೇ ದಿನಕ್ಕೆ ಎರಡು ದಾರಿ. ಮಗಳು ಎಲಿಫೆಂಟಾ ಕೇಳುತ್ತಾಳೆ, ಕೇಳಲೇಬೇಕಾದ ಜಾಗವೇ. ಮೂರು ಮುಖದ ಶಿವನ ಮೂರ್ತಿ ಸುಮಾರು ಇಪ್ಪತ್ತು ಅಡಿ ಎತ್ತರ. ಗೇಟ್‌ವೇಯಿಂದ ಬೋಟ್‌ನಲ್ಲಿ ಒಂದು ತಾಸು. ಟಿಕೆಟ್ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬೋಟ್‌ನ ದುಡ್ಡು ಬೇರೆ. ಆದರೆ ಅಲ್ಲಿ ನೂರಿಪ್ಪತ್ತರಷ್ಟು ಮೆಟ್ಟಿಲು. ಕುರ್ಚಿ ಡೋಲಿಯಲ್ಲಿ ಹೊತ್ತೊಯ್ಯುವವರು ಸಿಗುತ್ತಾರೆ. ಅತ್ತೆಗೆ ನಿಜವಾದ ಕಷ್ಟ ಮೆಟ್ಟಿಲಲ್ಲ, ಬೋಟ್ ಹತ್ತಿ ಇಳಿಯುವುದು. ಬೋಟ್ ತೂಗುತ್ತಿರುತ್ತದೆ, ಒಂದು ಕಾಲಿನ ಮೇಲೆ ಭಾರ ಬಿಟ್ಟು ದಾಟಬೇಕು. ಮೊಣಕಾಲು ಸಮಸ್ಯೆ ಇರುವವರನ್ನು ನಾನು ಅಲ್ಲಿಗೆ ಕರೆದೊಯ್ಯುವುದಿಲ್ಲ.

ಯಜಮಾನರು ಮಕ್ಕಳನ್ನು ಕರೆದುಕೊಂಡು ಎಲಿಫೆಂಟಾಗೆ ಹೋಗಲಿ. ನೀವೂ ಅತ್ತೆಯೂ ಟ್ಯಾಕ್ಸಿ ಮಾಡಿಕೊಂಡು ಬೈಕಲ್ಲಾಗೆ ಹೋಗಿ. 1872ರಲ್ಲಿ ಶುರುವಾದ ಭಾವು ದಾಜಿ ಲಾಡ್ ಮುಂಬೈನ ಅತ್ಯಂತ ಹಳೆಯ ಮ್ಯೂಸಿಯಂ. ಚಿಕ್ಕದು, ಟಿಕೆಟ್ಟೂ ತೀರಾ ಕಡಿಮೆ. ಒಳಗೆ ಬೊಂಬೆಗಳಂತೆ ಮಾಡಿದ ಹಳೆಯ ಮುಂಬೈ ಜನರ ಮಾದರಿಗಳಿವೆ. ಯಾರು ಯಾವ ರುಮಾಲು ಸುತ್ತುತ್ತಿದ್ದರು, ಯಾವ ಕಸುಬು ಮಾಡುತ್ತಿದ್ದರು ಎಂಬುದನ್ನು ಅತ್ತೆ ನಿಮಗೇ ವಿವರಿಸುತ್ತಾರೆ. ಹೊರಗೆ ಒಂದು ಕಲ್ಲಿನ ಆನೆ ನಿಂತಿದೆ. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಈ ಆನೆಯನ್ನು ನೋಡಿ! 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಒಡೆದು ಚೂರಾಯಿತು. ಆಮೇಲೆ ಚೂರುಗಳನ್ನು ಜೋಡಿಸಿ ಇಲ್ಲಿ ನಿಲ್ಲಿಸಿದರು. ಗುಹೆ ನೋಡಿದವರು ಅಲ್ಲಿ, ಆನೆ ನೋಡಿದವರು ಇಲ್ಲಿ. ರಾತ್ರಿ ಊಟಕ್ಕೆ ಕೂತಾಗ ಕಥೆ ಹೇಳಿಕೊಳ್ಳಲು ಇಬ್ಬರಿಗೂ ಏನೋ ಒಂದು ಇರುತ್ತದೆ.

ಮೂರನೇ ದಿನ ಹೊಸ ಮೆಟ್ರೊ. ಆಕ್ವಾ ಲೈನ್ 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ತಿ ತೆರೆಯಿತು. ನೆಲದೊಳಗೆ ಓಡುತ್ತದೆ, ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಎಸಿ ಇದೆ. ಮೊಣಕಾಲು ನೋವಿನವರಿಗೆ ಮುಂಬೈ ನೋಡುವ ದಾರಿಯನ್ನೇ ಇದು ಬದಲಿಸಿದೆ. ಸಿಎಸ್‌ಎಂಟಿಯಲ್ಲಿ ಹತ್ತಿ ವರ್ಲಿಯ ನೆಹರೂ ವಿಜ್ಞಾನ ಕೇಂದ್ರದ ಹತ್ತಿರ ಇಳಿಯಬಹುದು. ಅಲ್ಲಿ ಎಲ್ಲವನ್ನೂ ಮುಟ್ಟಿ, ತಿರುಗಿಸಿ, ಒತ್ತಿ ನೋಡಬಹುದು, ಮಗ ಹೊರಗೆ ಬರಲು ಒಪ್ಪುವುದಿಲ್ಲ. ಅದೇ ಲೈನ್‌ನಲ್ಲಿ ಮುಂದೆ ಹೋದರೆ ಸಿದ್ಧಿವಿನಾಯಕ. ಅತ್ತೆ ದರ್ಶನ ಕೇಳದೇ ಇರುವುದಿಲ್ಲ. ಮಂಗಳವಾರ ಮಾತ್ರ ಬೇಡ, ಸಾಲು ಕಿಲೋಮೀಟರ್‌ಗಟ್ಟಲೆ.

ಟ್ಯಾಕ್ಸಿ ಬಗ್ಗೆ ಒಂದು ಮಾತು. ಕಪ್ಪು ಹಳದಿ ಟ್ಯಾಕ್ಸಿಯಲ್ಲಿ ನಾಲ್ಕೇ ಜನ. ನೀವು ಐದು. ಚಿಕ್ಕ ಹುಡುಗನಿದ್ದಾನೆ ಎಂದು ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ವಾದ ಮಾಡಬೇಡಿ, ಮುಂದಿನದಕ್ಕೆ ಕೈ ಮಾಡಿ. 2025ರ ಫೆಬ್ರವರಿಯಿಂದ ಮೀಟರ್ 31 ರೂಪಾಯಿಯಿಂದ ಶುರು. ಮೀಟರ್ ಹಾಕದವನ ಗಾಡಿ ಹತ್ತಬೇಡಿ. ಆಟೊ ದಕ್ಷಿಣ ಮುಂಬೈನಲ್ಲಿ ಓಡುವುದೇ ಇಲ್ಲ, ಹುಡುಕಬೇಡಿ.

ಈಗ ಹೊಟ್ಟೆಯ ಮಾತು. ಬೀದಿಯದು ಕೆಟ್ಟದ್ದು, ಹೋಟೆಲಿನದು ಒಳ್ಳೆಯದು ಎಂದು ಗೆರೆ ಎಳೆಯಬೇಡಿ. ಹೊಟ್ಟೆ ಕೆಡಿಸುವುದು ನೀರು, ಹಸಿ ಪದಾರ್ಥ ಮತ್ತು ತಣ್ಣಗಾಗಿ ಗಂಟೆಗಟ್ಟಲೆ ಕೂತ ಅಡುಗೆ. ಕುದಿಯುವ ಎಣ್ಣೆಯಿಂದ ಎತ್ತಿ ನೇರ ಪಾವ್‌ನೊಳಗೆ ಇಡುವ ವಡಾದಲ್ಲಿ ರೋಗಾಣು ಬದುಕುವುದಿಲ್ಲ. ಅದರ ಪಕ್ಕದ ಹಸಿರು ಚಟ್ನಿಯಲ್ಲಿ ಬದುಕುತ್ತದೆ. ಪಾನಿಪುರಿಯ ಪಾನಿಯಲ್ಲಿ, ಕಬ್ಬಿನ ಹಾಲಿಗೆ ಹಾಕುವ ಐಸ್‌ನಲ್ಲಿ, ಹೆಚ್ಚಿಟ್ಟ ಕಲ್ಲಂಗಡಿಯಲ್ಲಿ ಬದುಕುತ್ತದೆ. ದೊಡ್ಡ ಹೋಟೆಲಿನಲ್ಲಿ ಬೆಳಿಗ್ಗೆ ಮಾಡಿ ಸಂಜೆ ಬಿಸಿ ಮಾಡಿದ ಪನ್ನೀರ್ ಸಾರಿನಲ್ಲೂ ಬದುಕುತ್ತದೆ. ಗಿರಾಕಿ ಜಾಸ್ತಿ ಇರುವ ಕಡೆ, ಕಣ್ಣೆದುರು ಬಿಸಿ ಮಾಡುವುದನ್ನು ತಿನ್ನಿ. ಒಣ ಚಟ್ನಿ ಹಾಕಿಸಿ, ಹಸಿಯದು ಬಿಡಿ. ಪಾವ್‌ಭಾಜಿ ಗಿರಣಿ ಕೆಲಸಗಾರರ ಊಟವಾಗಿ ಹುಟ್ಟಿದ್ದು ಅನ್ನುತ್ತಾರೆ. ಗಿರಣಿಗಳ ಊರಿನವರು ಅದನ್ನು ತಿನ್ನದೇ ಬರುವುದು ಹೇಗೆ? ಬೆಣ್ಣೆ ಕಡಿಮೆ ಹಾಕಿ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಮುದ್ದೆಯೇ ಇಡುತ್ತಾರೆ.

ಮೊಟ್ಟೆಯ ಬಗ್ಗೆ ಎಚ್ಚರ ಬೇಕಾದದ್ದು ಇರಾನಿ ಹೋಟೆಲುಗಳಲ್ಲಿ. ಅಲ್ಲಿ ಚಹಾ, ಬ್ರುನ್ ಮಸ್ಕಾ (ಬೆಣ್ಣೆ ಸವರಿದ ಗಟ್ಟಿ ಪಾವ್) ಚೆನ್ನ. ಮಾವಾ ಕೇಕ್‌ನಲ್ಲಿ ಮೊಟ್ಟೆ ಇರುತ್ತದೆ. ಅಡುಗೆಮನೆಯಲ್ಲಿ ಮಾಂಸವೂ ಬೇಯುತ್ತಿರುತ್ತದೆ. ಅತ್ತೆಗೆ ಅದು ನಡೆಯದಿದ್ದರೆ ಒಳಗೆ ಹೋಗಬೇಡಿ, ಸುಮ್ನೆ ಮುಜುಗರ. ಪೊಟ್ಟಣದ ತಿಂಡಿಯಲ್ಲಿ ಹಸಿರು ಚುಕ್ಕೆ ನೋಡಿ. ಮೊಟ್ಟೆ ಇದ್ದರೆ ಹಸಿರು ಚುಕ್ಕೆ ಹಾಕುವಂತಿಲ್ಲ.

ಮೂರನೇ ದಿನದ ಊಟ ಮಾಟುಂಗಾದಲ್ಲಿ. ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಿಂದ ಬಾಳೆಎಲೆ ಊಟ ಬಡಿಸುತ್ತಿದ್ದಾರೆ. ಸೋಮವಾರ ರಜೆ. ಮೊದಲ ಮಹಡಿಯಲ್ಲಿದೆ, ಸಾಲೂ ಇರುತ್ತದೆ. ಅತ್ತೆ ನಿಧಾನವಾಗಿ ಒಂದು ಮಹಡಿ ಹತ್ತಬಲ್ಲರಾ ಎಂದು ಆ ದಿನದ ಕಾಲು ನೋಡಿ ತೀರ್ಮಾನಿಸಿ. ಆಗದಿದ್ದರೆ ಕಿಂಗ್ಸ್ ಸರ್ಕಲ್ ಕಡೆ ರಸ್ತೆ ಮಟ್ಟದಲ್ಲೇ ಬೇಕಾದಷ್ಟು ಉಡುಪಿ ಹೋಟೆಲುಗಳಿವೆ. ಹೂವಿನ ಅಂಗಡಿ, ಕಾಫಿಪುಡಿಯ ವಾಸನೆ, ಅಲ್ಲಲ್ಲಿ ಕನ್ನಡದ ಮಾತು. ಮಾಟುಂಗಾದಲ್ಲಿ ನಮ್ಮವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಸಾರು ಮಾತ್ರ ಸಪ್ಪೆ ಅನ್ನಿಸಬಹುದು, ನಮ್ಮ ನಾಲಿಗೆಯ ಖಾರ ಅವರದಲ್ಲ.

ಅದಕ್ಕೇ ಪಕ್ಕದ ಮನೆಯವರ ಮಾತನ್ನು ಅರ್ಧ ಕೇಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಎರಡೂ ಒಣ, ಮೂರು ದಿನ ಏನೂ ಆಗುವುದಿಲ್ಲ. ರೈಲಿಗೂ ಆಯಿತು, ಹಸಿವಾದಾಗ ಹುಡುಗನಿಗೂ ಆಯಿತು. ಪಲ್ಯ, ಮೊಸರನ್ನ ಕಟ್ಟಬೇಡಿ. ಮುಂಬೈನ ಕಾವಿಗೆ ಅರ್ಧ ದಿನದಲ್ಲಿ ಹುಳಿ ಹಿಡಿಯುತ್ತವೆ. ಪ್ರವಾಸದಲ್ಲಿ ನಾನು ಕಂಡ ಹೊಟ್ಟೆನೋವುಗಳಲ್ಲಿ ಬೀದಿಯ ವಡಾಗಿಂತ ಮನೆಯ ಬುತ್ತಿಯ ಪಾಲು ಕಡಿಮೆಯೇನಿಲ್ಲ.

ಹೊರಡುವ ಮೊದಲು ಎರಡು ಕೆಲಸ ಇವೆ. ಅತ್ತೆಯನ್ನು ಡಾಕ್ಟರ್‌ಗೆ ತೋರಿಸಿ, ನೋವು ಜಾಸ್ತಿಯಾದರೆ ಯಾವ ಗುಳಿಗೆ, ದಿನಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ಪ್ರವಾಸಕ್ಕೆಂದು ಹೊಸ ಚಪ್ಪಲಿ ಕೊಡಿಸಬೇಡಿ, ಸವೆದು ಒಗ್ಗಿದ್ದೇ ಇರಲಿ. ಇನ್ನೊಂದು, ಒಂದು ಭಾನುವಾರ ಮಕ್ಕಳನ್ನು ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರಕ್ಕೆ ಕರೆದೊಯ್ಯಿರಿ. ಊರಲ್ಲೇ ಅಂಥದ್ದು ಇಟ್ಟುಕೊಂಡು ಎಷ್ಟು ಜನ ನೋಡಿಲ್ಲ! ಅತ್ತೆ ಎಷ್ಟು ಹೊತ್ತು ನಿಲ್ಲಬಲ್ಲರು, ಮಗನಿಗೆ ಯಾವಾಗ ಬೇಜಾರಾಗುತ್ತದೆ ಎಂದು ಅಲ್ಲೇ ತಿಳಿಯುತ್ತದೆ.

ರೈಲಿನ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ. ಮೊದಲಿನ ಹಾಗೆ 120 ಅಲ್ಲ. ದೀಪಾವಳಿಯ ಟಿಕೆಟ್ ತೆರೆದ ದಿನವೇ ಮುಗಿಯುತ್ತದೆ. ಐದೂ ಜನರದ್ದು ಒಂದೇ ಟಿಕೆಟ್ ಮಾಡಿಸಿದರೆ ಅತ್ತೆಗೆ ಹಿರಿಯರ ಕೋಟಾದ ಕೆಳಗಿನ ಬರ್ತ್ ಸಿಗುವುದಿಲ್ಲ. ಆ ಕೋಟಾ ಹಿರಿಯರು ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟ್‌ಗೆ. ಅತ್ತೆಯದನ್ನು ಬೇರೆಯಾಗಿ ತೆಗೆಸಿ. ಬೋಗಿ ಬೇರೆ ಬರಬಹುದು, ಆಗ ಯಜಮಾನರು ತಮ್ಮ ಬರ್ತ್ ಕೊಟ್ಟು ಅತ್ತೆಯ ಪಕ್ಕದವರ ಜೊತೆ ಬದಲಿ ಮಾಡಿಕೊಳ್ಳಲಿ. ಸಿದ್ಧೇಶ್ವರದಲ್ಲಿ ಬರುವವರೆಲ್ಲ ನಮ್ಮ ಕಡೆಯವರೇ. ಕೇಳಿದರೆ ಇಲ್ಲ ಅನ್ನುವುದಿಲ್ಲ.